ಹದಿಮೂರನೆಯ ಸಂಚಿ

“ನಿನ್ ಪೆಟ್ಗೆ ಬಾಯಿ ಕಟ್ಕಂಡು ಕೂತದ ಕಣವ್ವ. ಆನೆ ಪಕ್ಕದಲ್ಲೇ ನಿಂತ್ಕಂಡು ಜ್ವಾಳ ಮುರೀತಾ ಇದ್ರೂವೆ ಚಕಾರ ಎತ್ನಿಲ್ಲ ಅದು.”

ಹೀಗೆಂದವರು ಕೆಂಚಯ್ಯ. ಹನೂರು ದಾಟಿ, ರಾಮಾಪುರದ ರಸ್ತೆಯಿಂದ ಒಳಕ್ಕೆ ತಿರುಗಿದರೆ ಕಾಡಿನಂಚಿಗೆ ಅವರ ಊರು. ಬೆಳಗಿನ ಮೊದಲ ಬಸ್ಸು ಹಿಡಿದು, ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೊಳ್ಳೇಗಾಲಕ್ಕೆ ಬಂದಿದ್ದರು. ನಾನು ಯಳಂದೂರಿನಿಂದ ಬಂದು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಚೀಲದ ತುಂಬ ಹಸಿ ಮುಸುಕಿನ ಜೋಳದ ತೆನೆ.

“ಯಾವತ್ತಿಂದ ದೊಡ್ಡಪ್ಪ?”

“ಭೀಮನಮಾಸೆ ಕಳುದ್ ಮಾರ್ನೆ ದಿನದಿಂದ. ಇವತ್ಗೆ ಐದ್ ದಿನ.”

“ಐದು ದಿನ ಸುಮ್ಮನಿದ್ರಲ್ಲ. ಒಂದು ಫೋನ್ ಮಾಡಬಾರದಿತ್ತಾ?”

“ಎಲ್ಲಿಂದ ಮಾಡ್ಲಿ? ನಮ್ಮೂರಲ್ಲಿ ಸಿಗ್ನಲ್ಲು ಅಟ್ಟಣೆ ಮ್ಯಾಲೆ ಮಾತ್ರ ಬತ್ತದ. ಅಲ್ಲಿ ಕೂತಿರೋ ಒತ್ನಲ್ಲಿ ನೀನು ನಿದ್ದೆ ಮಾಡ್ತಿರ್ತೀಯ.”

ಅಟ್ಟಣೆ ಎಂಬ ಮಾತು ಬಾಯಿಂದ ಜಾರಿದ್ದಕ್ಕೆ ಅವರಿಗೇ ಕಸಿವಿಸಿಯಾಯಿತು. ಫ್ಯಾನಿನ ಕಡೆ ನೋಡಿದರು.

“ಮತ್ತೆ ಅಟ್ಟಣೆ ಹತ್ತಿದ್ದೀರಾ?”

“ಇನ್ನೇನ್ ಮಾಡ್ಲಿ ಮಗ. ಮೊದಲ್ನೇ ದಿನ ಗಂಟೆ ಒಡೀತದ ಅಂತ ನಂಬ್ಕಂಡು ಮನೇಲಿ ಮಲ್ಗಿದ್ದೆ. ಬೆಳಿಗ್ಗೆ ನೋಡಿದ್ರೆ ಒಂದ್ ಮೂಲೆ ಪೂರ್ತಿ ಮಲ್ಗೋಗದ. ಅವತ್ತಿಂದ ಕಂಬ್ಳಿ ಎತ್ಕಂಡು ಮ್ಯಾಕ್ ಓದೆ. ನಿಮ್ ದೊಡ್ಡವ್ವ ಏಳಿ ಕಳ್ಸವ್ಳೆ, ಏಳ್ಬುಡ್ತೀನಿ: ಪೆಟ್ಗೆ ರಿಪೇರಿಯಾಗ್ದೆ ಮನೆ ಬಾಗ್ಲಿಗೆ ಬರ್ಬ್ಯಾಡಿ ಅಂದ್ಲು. ನಂಗೆ ಅಂದ್ಲೋ ಪೆಟ್ಗೇಗೆ ಅಂದ್ಲೋ ಗೊತ್ತಿಲ್ಲ.”

ಅಟ್ಟಣೆ ಎಂದರೆ ಹೊಲದ ಮೂಲೆಯ ಮರದ ಮೇಲೆ ಕಟ್ಟಿಕೊಂಡ ಕಾವಲಿನ ಮಂಚ. ಕೆಂಚಯ್ಯನಿಗೆ ಅರವತ್ತೇಳು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಉಬ್ಬಸ ಹತ್ತಿ, ಇಳಿಯುವಾಗ ಏಣಿಯ ಮೇಲಿಂದ ಕೈ ಬಿಟ್ಟಿದ್ದರು. ಬಿದ್ದದ್ದು ಬದುವಿನ ಹಸಿ ಮಣ್ಣಿನ ಮೇಲೆ, ಅಷ್ಟು ಪುಣ್ಯ. ರಾತ್ರಿ ಗಾಳಿ ಕೂಡದು ಎಂದು ಡಾಕ್ಟರು ಹೇಳಿದ್ದರು. ಪುಟ್ಟಗೌರಮ್ಮ, ಅಂದರೆ ಅವರ ಹೆಂಡತಿ, ಅದನ್ನೇ ಹಿಡಿದುಕೊಂಡು ದಿನಾ ಹೇಳಿದ್ದರು. ಆದರೆ ಕಾಡಿನ ಬಾಯಲ್ಲಿ ಹೊಲ ಇಟ್ಟುಕೊಂಡವರು ಮನೆಯಲ್ಲಿ ಹೇಗೆ ಮಲಗಿಯಾರು? ನಾನು ಪೆಟ್ಟಿಗೆ ಕಟ್ಟಿಕೊಟ್ಟ ಮೇಲೆ, ಹೋದ ಆಶ್ವೀಜದಿಂದ ಈಚೆಗೆ, ಒಂಬತ್ತು ತಿಂಗಳು ಆ ಮನುಷ್ಯ ಜಗುಲಿಯ ಮೇಲೆ ಹೊದ್ದು ಮಲಗಿದ್ದರು. ನಾನು ಮಾಡಿದ ಕೆಲಸಗಳಲ್ಲಿ ಹೆಮ್ಮೆ ಅಂತ ಇರುವುದು ಅದೊಂದೇ. ಅದೂ ಈಗ ಕೆಟ್ಟು ಕೂತಿತ್ತು.

“ಅದ್ಯಾಕೆ ಮಖ ಸಣ್ಣಗ್ ಮಾಡ್ಕಂಡೆ? ತಕ್ಕೊ, ತೆನೆ ತಂದಿವ್ನಿ. ಆನೆ ತಿಂದು ಬುಟ್ಟ ಮೂಲೇದು. ಅದರ ಪಾಲು ಅದು ತಕ್ಕೊಂತು, ನಿನ್ ಪಾಲು ನಿಂಗೆ. ಬೇಯ್ಸ್ಕೊಂಡು ತಿನ್ನು.”

ಬೈದಿದ್ದರೆ ಹಗುರವಾಗುತ್ತಿತ್ತು. ಇವರು ತೆನೆ ಕೊಟ್ಟರು.

ನನ್ನದು ಜೆರಾಕ್ಸ್ ಮತ್ತು ಅರ್ಜಿ ಟೈಪ್ ಮಾಡುವ ಅಂಗಡಿ. ಕೆಂಚಯ್ಯ ಮೊದಲು ಬಂದದ್ದು ಆನೆಯಿಂದ ಬೆಳೆ ಹಾಳಾದ ಅರ್ಜಿ ಬರೆಸುವುದಕ್ಕೆ. ದಿನ, ಸಮಯ ಹೇಳಿ ಎಂದೆ. “ಭಾದ್ರಪದ ಬೌಳ ದಸ್ಮಿ, ಕೋಳಿ ಕೂಗೋಕ್ ಮುಂಚೆ” ಎಂದರು. ನಾನು ಕ್ಯಾಲೆಂಡರು ತಿರುಗಿಸಿ ತಾರೀಖು ಹುಡುಕುವಷ್ಟರಲ್ಲಿ ಅವರು ಆನೆ ಬರುವ ಸದ್ದು, ಬಿದಿರು ಮುರಿಯುವ ಸದ್ದು, ಹೊಟ್ಟೆಯಲ್ಲೇ ಗುರುಗುಟ್ಟುವ ಸದ್ದು ಎಲ್ಲವನ್ನೂ ಬಾಯಲ್ಲೇ ಮಾಡಿ ತೋರಿಸಿದ್ದರು. ಜೆರಾಕ್ಸಿಗೆ ನಿಂತಿದ್ದ ಜನ ಆಧಾರ್ ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ಮರೆತುಬಿಟ್ಟಿದ್ದರು. ನನಗೆ ಜನರ ದನಿ ಎಂದರೆ ಮೊದಲಿಂದಲೂ ಒಂದು ಹುಚ್ಚು. ಅವತ್ತು ಅವರ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡೆ. ಪೆಟ್ಟಿಗೆಯ ಯೋಚನೆ ಹುಟ್ಟಿದ್ದು ಅದನ್ನು ಮತ್ತೆ ಮತ್ತೆ ಕೇಳುತ್ತಾ.

ಪೆಟ್ಟಿಗೆ ಎಂದರೆ ದೊಡ್ಡದೇನಲ್ಲ. ಒಂದು ಚಿಕ್ಕ ಕಂಪ್ಯೂಟರ್ ಬೋರ್ಡು, ಒಂದು ಬ್ಯಾಟರಿ, ಎರಡು ಮೈಕು. ಒಂದು ಕಾಡಿನ ಕಡೆ ಕಿವಿ ಕೊಟ್ಟರೆ ಇನ್ನೊಂದು ಹಳ್ಳದ ಕಡೆ. ಜೋರು ಸದ್ದು ಕೇಳಿದರೆ ಮೊದಲು ಅದನ್ನು ಉಳಿಸಿಕೊಳ್ಳುತ್ತದೆ. ಆಮೇಲೆ ಹಳೆಯ ಸದ್ದುಗಳ ಜೊತೆ ಇಟ್ಟು ನೋಡುತ್ತದೆ, ಇದು ದನವೋ ಆನೆಯೋ ಅಂತ. ಆನೆ ಅಂತಾದರೆ ಮನೆಯ ಜಗುಲಿಯಲ್ಲಿರುವ ಗಂಟೆಗೆ ಸುದ್ದಿ ಕಳಿಸುತ್ತದೆ. ಉಳಿಸದೆ ಹೋಲಿಸುವಂತಿಲ್ಲ, ಹೋಲಿಸದೆ ಗಂಟೆ ಹೊಡೆದರೆ ಊರಿನ ದನವೆಲ್ಲ ಸೇರಿ ದೊಡ್ಡಪ್ಪನ ನಿದ್ದೆ ಕೆಡಿಸುತ್ತವೆ.

ಇದನ್ನೆಲ್ಲ ನಾನು ಬರೆದದ್ದು ರಸ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಯಾರೂ ಹೇಳಿಕೊಟ್ಟದ್ದಲ್ಲ. ಯಳಂದೂರು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಫೋನಿನಲ್ಲಿ ಓದಿ ಕಲಿತದ್ದು. ಹಾಗಂದರೆ ತುಕ್ಕು ಅಂತ ಅರ್ಥ ಎಂದು ಬಾಯಿತಪ್ಪಿ ಹೇಳಿದ್ದಕ್ಕೆ, “ಮಳೇಲಿ ಇಡೋ ಪೆಟ್ಗೇಗೆ ಅದನ್ಯಾಕೆ ಆಕ್ದೆ?” ಎಂದು ಕೆಂಚಯ್ಯ ಆಗಲೇ ತಕರಾರು ತೆಗೆದಿದ್ದರು.

ಸದ್ದುಗಳನ್ನು ಇಡುವುದಕ್ಕೆ ಫೋಲ್ಡರುಗಳು. ಅದನ್ನು ಅವರಿಗೆ ತಿಳಿಯುವಂತೆ ಮಾಡಿದ್ದು ಪುಟ್ಟಗೌರಮ್ಮನ ಎಲೆಯಡಿಕೆ ಸಂಚಿ. ಅದರಲ್ಲಿ ದೊಡ್ಡ ಅರೆ, ಅರೆಯೊಳಗೆ ಚಿಕ್ಕ ಅರೆ, ಅದರೊಳಗೆ ಸುಣ್ಣದ ಡಬ್ಬಿಗೆ ಇನ್ನೂ ಒಂದು. ಹಾಗೆಯೇ ಸಂವತ್ಸರದ ಸಂಚಿ, ಅದರೊಳಗೆ ಮಾಸ, ಅದರೊಳಗೆ ಪಕ್ಷ, ಅದರೊಳಗೆ ತಿಥಿ. ತಾರೀಖು ಯಾಕೆ ಇಡಲಿಲ್ಲ ಎಂದರೆ, ಆನೆಗಳು ಬರುವುದು ಕತ್ತಲ ರಾತ್ರಿಗಳಲ್ಲಿ, ಕೆಂಚಯ್ಯ ಲೆಕ್ಕ ಇಡುವುದೂ ಅದನ್ನೇ. “ಓದ್ ಕಾರ್ತೀಕ ಬೌಳ ಸಸ್ಟಿಲಿ ಯಾವೊತ್ಗೆ ಬಂದಿತ್ತು ನೋಡು” ಎಂದು ಕೇಳಿದರೆ ನಾನು ತಕ್ಷಣ ತೆಗೆದು ಕೇಳಿಸಬೇಕು.

ಪೆಟ್ಟಿಗೆಯನ್ನು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಸೇರಿಸಿದೆ. ಯಂತ್ರ ತಪ್ಪುಗಳನ್ನೆಲ್ಲ ಬರೆದಿಡುವ ಒಂದು ಫೈಲು ಇರುತ್ತದೆ. ಅದರಲ್ಲಿ ಐದು ದಿನದಿಂದ ಒಂದೇ ಸಾಲು, ನೂರಾರು ಸಲ. ಅಂಥ ಫೈಲಾಗಲಿ ಡೈರೆಕ್ಟರಿಯಾಗಲಿ, ಅಂದರೆ ಫೋಲ್ಡರಾಗಲಿ, ಇಲ್ಲ. ಪಾಪ, ಅದು ಕೂಗಿಕೊಂಡೇ ಇತ್ತು. ನನಗೆ ಕೇಳಿಸುವ ಕಡೆ ಅಲ್ಲ, ಅಷ್ಟೇ.

ಮೆಮೊರಿ ಕಾರ್ಡು ತೆಗೆದು ಒರೆಸಿದೆ. ಸರಿಯಾಗಿತ್ತು. ವೈರು ಎಳೆದು ನೋಡಿದೆ. ಸರಿಯಾಗಿತ್ತು. ಪೆಟ್ಟಿಗೆಯ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಆಷಾಢ ಹುಣ್ಣಿಮೆಗೆ ನಿಲ್ಲಿಸಿದರೆ ಅಚ್ಚುಕಟ್ಟಾಗಿ ಉಳಿಸಿತು. ಇವತ್ತಿಗೆ ತಂದರೆ ಮತ್ತದೇ ಸಾಲು. ಒಂದು ಗಂಟೆ ಹೋಯಿತು. ಮಧ್ಯೆ ಇಬ್ಬರಿಗೆ ಜಾತಿ ಪ್ರಮಾಣಪತ್ರದ ಜೆರಾಕ್ಸ್ ಮಾಡಿಕೊಟ್ಟೆ. ಕೆಂಚಯ್ಯ ಹೋಟೆಲಿಂದ ಎರಡು ಟೀ ತಂದು, ಒಂದನ್ನು ನನ್ನ ಮುಂದಿಟ್ಟು, ತಮ್ಮ ಪಾಡಿಗೆ ಮಾತಾಡುತ್ತಾ ಕೂತರು.

“ಬಸ್ಸಲ್ಲಿ ಇವತ್ತು ಕಾಲ್ ನೀಡ್ಕಂಡು ಬಂದೆ ಕಣವ್ವ. ಜನಾನೇ ಇಲ್ಲ. ಆಸಾಡ ಕಳೀತು, ಇನ್ನು ಮದ್ವೆ ಸುರುವಾಯ್ತದ ಅನ್ನೋ ಒತ್ಗೆ ಅದಿಕ ಬಂದು ಕೂತ್ಕಂತು. ಎರಡ್ ತಿಂಗ್ಳು ವಾಲ್ಗದೋರ ಬಾಯಿಗೆ ಬೀಗ. ನಮ್ ಪುಟ್ಟಮಾದಯ್ಯ ವಾಲ್ಗ ಬುಟ್ಟು ಮೆಣಸಿನ್ ಗಿಡ ನೆಡ್ತಾವ್ನೆ.”

“ಏನು ಬಂದು ಕೂತಿತು ದೊಡ್ಡಪ್ಪ?”

“ಅದಿಕ ಮಾಸ. ಈ ಸಲ ಸ್ರಾವಣ ಎರಡಲ್ವಾ? ನಿಂಗೊತ್ತಿಲ್ವಾ? ಯಳಂದೂರಲ್ಲಿ ಕ್ಯಾಲೆಂಡ್ರು ಇಲ್ವಾ?”

ಟೀ ಲೋಟ ಕೆಳಗಿಟ್ಟೆ. ಯುಗಾದಿಯ ಸಮಯದಲ್ಲಿ ವರ್ಷದ ಪಟ್ಟಿಯನ್ನು ಪೆಟ್ಟಿಗೆಗೆ ಹಾಕಿದ್ದು ನೆನಪಾಯಿತು. ಇಂಥ ತಾರೀಖಿಗೆ ಇಂಥ ಮಾಸ, ಇಂಥ ತಿಥಿ ಎಂದು ನನ್ನ ಸೋದರತ್ತೆ ಶಿವರತ್ನಮ್ಮ ಕ್ಯಾಲೆಂಡರು ನೋಡಿ ಓದಿದ್ದರು, ನಾನು ಕುಟ್ಟಿದ್ದೆ. ಯಳಂದೂರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

“ಅತ್ತೆ, ಅವತ್ತು ನೀವು ಅಧಿಕ ಶ್ರಾವಣ ಅಂತ ಓದಿದ್ರಾ?”

“ಓದ್ದೆ ಕಣೆ. ಅಧಿಕ ಶ್ರಾವಣ, ಅದಾದ್ಮೇಲೆ ನಿಜ ಶ್ರಾವಣ ಅಂತ ಬಿಡಿಸಿ ಬಿಡಿಸಿ ಓದ್ದೆ. ನೀನು ತಲೆ ಎತ್ತದೆ ‘ಹೂಂ ಅತ್ತೆ, ಮುಂದೆ’ ಅಂದೆ. ಊರೋರ ದನಿಯೆಲ್ಲ ಕೇಳ್ತೀಯ, ಮನೇಲಿರೋ ಅತ್ತೆ ದನಿ ಒಂದು ಕಿವಿಗೆ ಬೀಳಲ್ಲ ನಿಂಗೆ.”

“ಸರಿಯಾಗಿ ಏಳುದ್ರಿ ತಾಯಿ,” ಎಂದು ಕೆಂಚಯ್ಯ ಫೋನಿನ ಕಡೆ ಬಾಗಿ ಹೇಳಿದರು.

“ಅದ್ಯಾರು?”

“ಆನೆ ಕಡೆಯೋನು ತಾಯಿ.”

“ಊಟ ಮಾಡಿಸಿ ಕಳ್ಸು ಅವರನ್ನ,” ಎಂದು ಅತ್ತೆ ಫೋನ್ ಇಟ್ಟರು.

ಪಟ್ಟಿಯಲ್ಲಿ ಅಧಿಕ ಶ್ರಾವಣ ಇತ್ತು. ಅತ್ತೆಯದು ಒಂದು ಅಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದು ಫೋಲ್ಡರುಗಳಲ್ಲಿ. ಮಾಸದ ಫೋಲ್ಡರುಗಳನ್ನು ನಾನು ಕೈಯಲ್ಲೇ ಮಾಡಿಟ್ಟಿದ್ದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಹಾಗೆ ಚೈತ್ರದಿಂದ ಫಾಲ್ಗುಣದವರೆಗೆ ಹನ್ನೆರಡು, ಪ್ರತಿಯೊಂದರಲ್ಲೂ ಎರಡೆರಡು ಪಕ್ಷ. ಪ್ರೋಗ್ರಾಮು ಮಾಡಿಕೊಳ್ಳುತ್ತಿದ್ದದ್ದು ಕಟ್ಟಕಡೆಯ ತಿಥಿಯ ಫೋಲ್ಡರನ್ನು ಮಾತ್ರ, ಅದೂ ಸಂಜೆ ಆರಕ್ಕೆ ಒಂದು ಸಲ. ಅಧಿಕ ಶ್ರಾವಣದೊಳಗೆ ಪಾಡ್ಯ ಮಾಡು ಎಂದರೆ ಅದು ಎಲ್ಲಿ ಮಾಡೀತು? ಹೊರಗಿನ ಸಂಚಿಯೇ ಇಲ್ಲ, ಒಳಗಿನ ಅರೆ ಎಲ್ಲಿಗೆ ಹೊಲಿಯುವುದು.

ಇದನ್ನು ಹೇಳಿದಾಗ ಕೆಂಚಯ್ಯ ಎದ್ದು ನಿಂತರು. “ಅಷ್ಟೇಯಾ? ಅದಿಕ್ಕೊಂದ್ ಸಂಚಿ ಒಲ್ದಾಕು. ಅನ್ನೊಂದ್ ಗಂಟೆ ಬಸ್ಗೆ ಒಂಟೋಯ್ತೀನಿ.”

ಹೊಲಿಯುವುದಕ್ಕೆ ಕೈ ಹಾಕಿದವಳು ನಿಲ್ಲಿಸಿದೆ. ಮುಂದಿನ ತಿಂಗಳು ಅತ್ತೆ ಓದಿದ ನಿಜ ಶ್ರಾವಣ ಬರುತ್ತದೆ. ನನ್ನ ಹನ್ನೆರಡರಲ್ಲಿ ಇರುವುದು ಬರೀ ಶ್ರಾವಣ. ಅದನ್ನು ದಾಟಿದರೆ ಯುಗಾದಿಗೆ ಸಂವತ್ಸರವೇ ಬದಲು. ಪ್ರತಿ ಸಲವೂ ಈ ಮನುಷ್ಯ ಅಟ್ಟಣೆ ಹತ್ತಬೇಕು, ಆಮೇಲೆ ಟವಲಿನಲ್ಲಿ ಪೆಟ್ಟಿಗೆ ಸುತ್ತಿಕೊಂಡು ಬಸ್ಸು ಹತ್ತಬೇಕು.

“ಬೇಡ ದೊಡ್ಡಪ್ಪ, ಕೂತ್ಕೊಳ್ಳಿ. ಬೇಕಾದ ಸಂಚಿಗಳನ್ನ ಅದೇ ಹೊಲ್ಕೊಳ್ಳೋ ಹಾಗೆ ಮಾಡ್ತೀನಿ. ತಿಥಿ ಮಾಡು ಅಂದ್ರೆ, ಪಕ್ಷ ಇದೆಯಾ ಅಂತ ಮೊದಲು ನೋಡಬೇಕು. ಇಲ್ಲ ಅಂದ್ರೆ, ಪಕ್ಷ ಮಾಡೋಕೆ ಹೋಗಬೇಕು. ಅದಕ್ಕೆ ಮಾಸ ಇದೆಯಾ ಅಂತ ನೋಡಬೇಕು. ಇಲ್ಲ ಅಂದ್ರೆ ಇನ್ನೂ ಮೇಲಕ್ಕೆ. ಎಲ್ಲಿ ಇದೆಯೋ ಅಲ್ಲಿ ನಿಂತು, ಅಲ್ಲಿಂದ ಒಂದೊಂದೇ ಮಾಡ್ತಾ ಕೆಳಕ್ಕೆ ಇಳೀಬೇಕು.”

ಅರ್ಥವಾಗಲಿಲ್ಲವೇನೋ ಎಂದು ನೋಡಿದೆ. ಅವರು ತಲೆದೂಗುತ್ತಿದ್ದರು.

“ನಮ್ ಕುಲದಲ್ಲಿ ಮದ್ವೆ ವೀಳ್ಯ ಕೊಡೋ ಅಂಗೆ ಅನ್ನು.”

“ಅದು ಹೇಗೆ?”

“ಮನೆ ಬಾಗ್ಲಿಗೆ ಸೀದಾ ಓಗಂಗಿಲ್ಲ ನಾವು. ಮೊದ್ಲು ಊರ್ ಯಜಮಾನಂಗೆ ವೀಳ್ಯ. ಯಜಮಾನ ತೀರ್ಕಂಡು ಜಾಗ ಖಾಲಿ ಬಿದ್ದಿದ್ರೆ, ಏಳೂರ್ ಯಜಮಾನನ್ ತಾವ್ಕೆ ಓಗ್ಬೇಕು. ಅವನೂ ಇಲ್ವಾ, ಗಡಿ ಯಜಮಾನನ್ ತಾವ್ಕೆ. ಅವನು ಏಳೂರ್ಗೊಬ್ನ ಕೂರುಸ್ತಾನೆ, ಏಳೂರೋನು ಊರ್ಗೊಬ್ನ ಕೂರುಸ್ತಾನೆ, ಆಮೇಲೆ ಮನೆ ಬಾಗ್ಲು. ಒಂದ್ ವೀಳ್ಯಕ್ಕೆ ಮೂರ್ ದಿನ ಅಲ್ದಿವ್ನಿ ನಾನು, ನನ್ ತಂಗಿ ಮದ್ವೇಲಿ.”

“ಗಡಿ ಯಜಮಾನನೂ ಇಲ್ಲದಿದ್ರೆ?”

“ಅವನ್ ಮ್ಯಾಲೆ ಬೆಟ್ಟದ್ ಮಾದಪ್ಪ ಇಲ್ವಾ? ಅವನಿಲ್ದೇ ಇರೋ ದಿನ ಅಂತ ಒಂದದಾ?”

ಯಂತ್ರದಲ್ಲೂ ಎಲ್ಲಕ್ಕಿಂತ ಮೇಲೆ ಒಂದು ಸಂಚಿ ಇರುತ್ತದೆ, ಅದನ್ನು ಯಾರೂ ಮಾಡಬೇಕಾಗಿಲ್ಲ, ಅದು ಯಾವಾಗಲೂ ಇದ್ದೇ ಇರುತ್ತದೆ ಎಂದೆ. “ಮತ್ತೆ,” ಎಂದರು, ತಾವು ಮೊದಲೇ ಹೇಳಿರಲಿಲ್ಲವೇ ಎನ್ನುವ ಹಾಗೆ.

ಹನ್ನೆರಡು ಸಾಲು ಬರೆದೆ. ತನ್ನನ್ನು ತಾನೇ ಕರೆದುಕೊಳ್ಳುವ ಒಂದು ಫಂಕ್ಷನ್ನು. ಇದೆಯಾ ಎಂದು ನೋಡುತ್ತದೆ, ಇದ್ದರೆ ಹಿಂದಿರುಗುತ್ತದೆ. ಇಲ್ಲದಿದ್ದರೆ ತನ್ನ ಮೇಲಿನದಕ್ಕೆ ಇದೇ ಕೆಲಸ ಮಾಡು ಎಂದು ತನ್ನನ್ನೇ ಕರೆಯುತ್ತದೆ, ಆ ಕೆಲಸ ಮುಗಿದ ಮೇಲೆ ತನ್ನದನ್ನು ಮಾಡುತ್ತದೆ. ಸಂಜೆ ಆರರ ಏರ್ಪಾಡು ತೆಗೆದುಹಾಕಿ, ಸದ್ದು ಕೇಳಿದಾಗ ಕೇಳಿದ ಕಿವಿಯೇ ಫೋಲ್ಡರು ಮಾಡಿಕೊಳ್ಳಲಿ ಎಂದು ಎರಡು ಮೈಕುಗಳಿಗೂ ಇದನ್ನು ಒಪ್ಪಿಸಿದೆ. ಅಂಗಡಿಯಲ್ಲಿ ಪರೀಕ್ಷೆಗೆಂದು ಇಟ್ಟುಕೊಂಡ ಇನ್ನೊಂದು ಗಂಟೆಯನ್ನು ಸೇರಿಸಿದೆ. ಫೋನಿನಲ್ಲಿ ಹೋದ ಕಾರ್ತೀಕದ ಆನೆಯನ್ನು ಹುಡುಕಿ, ಮೈಕುಗಳ ಹತ್ತಿರ ಹಿಡಿದು ನುಡಿಸಿದೆ. ಬಾಗಿಲಲ್ಲಿದ್ದ ಹೆಂಗಸೊಬ್ಬರು ಬೆಚ್ಚಿ ಹಿಂದೆ ಸರಿದರು.

ಗಂಟೆ ಹೊಡೆಯಲಿಲ್ಲ.

ಇನ್ನೊಂದು ಸಲ ನುಡಿಸಿದೆ. ಹೊಡೆಯಿತು. ಮೂರನೆಯ ಸಲವೂ ಹೊಡೆಯಿತು. ನಾನು ನಿಟ್ಟುಸಿರು ಬಿಟ್ಟೆ. ಕೆಂಚಯ್ಯ ಬಿಡಲಿಲ್ಲ.

“ಮೊದಲ್ನೇ ಸಲ ಯಾಕ್ ಒಡೀನಿಲ್ಲ?”

“ಈಗ ಹೊಡೀತಿದೆಯಲ್ಲ.”

“ಆನೆ ಏನು ಎರಡ್ ಸಲ ಕೇಳ್ಕಂಡು ಬತ್ತದಾ? ಮೊದಲ್ನೇ ಸಲಕ್ಕೇ ಒಳಕ್ ಬಂದಿರ್ತದ.”

ಅವರು ಹೇಳಿದ್ದು ಸರಿ. ತಪ್ಪಿನ ಫೈಲು ತೆಗೆದೆ. ಈ ಸಲ ಬೇರೆ ಸಾಲು ಬರೆದಿತ್ತು: ಅದು ಈಗಾಗಲೇ ಇದೆ. ನೋಡುತ್ತಾ ನೋಡುತ್ತಾ ತಿಳಿಯಿತು. ಸದ್ದು ಎರಡೂ ಕಿವಿಗೆ ಒಟ್ಟಿಗೆ ಬಿದ್ದಿದೆ. ಎರಡೂ ನೋಡಿವೆ, ಫೋಲ್ಡರು ಇಲ್ಲ. ಎರಡೂ ಮಾಡಲು ಹೊರಟಿವೆ. ಕಾಡಿನ ಕಡೆಯದು ಕೂದಲೆಳೆಯಷ್ಟು ಮೊದಲು ಮಾಡಿದೆ. ಹಳ್ಳದ ಕಡೆಯದು ಹೋಗಿ ನೋಡಿದರೆ ಆಗಲೇ ಇದೆ. ನಾನು ಬರೆದ ಹಾಗೆ ಅದು ಅದನ್ನು ತಪ್ಪು ಎಂದು ತಿಳಿದು ರಂಪ ಮಾಡಿ, ಇಡೀ ಕೆಲಸವನ್ನೇ ನಿಲ್ಲಿಸಿದೆ. ಎರಡನೆಯ ಸಲಕ್ಕೆ ಫೋಲ್ಡರು ಇತ್ತು, ಜಗಳ ಇರಲಿಲ್ಲ.

“ದೊಡ್ಡಪ್ಪ, ವೀಳ್ಯ ತಗೊಂಡು ಎರಡು ಕಡೆಯೋರು ಒಂದೇ ದಿನ ಒಂದೇ ಊರಿಗೆ ಹೋದ್ರೆ ಏನ್ಮಾಡ್ತಾರೆ? ಯಜಮಾನನ ಜಾಗ ಖಾಲಿ ಅಂತ ಇಬ್ಬರಿಗೂ ಸುದ್ದಿ ಇದೆ ಅಂದ್ಕೊಳ್ಳಿ.”

“ಮೊದ್ಲು ಓದೋರು ಒಬ್ನ ಕೂರ್ಸಿರ್ತಾರೆ.”

“ಆಮೇಲೆ ಬಂದವರು?”

“ಅವ್ರೇನು ಜಗಳ ತೆಗೀತಾರಾ? ಕೂತವ್ನಲ್ಲ, ಸದ್ಯ, ನಮ್ಗೊಂದ್ ಕ್ಯಾಮೆ ತಪ್ತು ಅಂತ ಕೈ ಮುಗ್ದು ಮುಂದ್ಕೋಯ್ತಾರೆ.”

ಅಷ್ಟೇ ಬೇಕಿತ್ತು. ಇದ್ದರೆ ಕೈ ಮುಗಿದು ಮುಂದಕ್ಕೆ. ಅದನ್ನು ಸರಿಯಾಗಿ ಬರೆಯುವ ಬಗೆ ಹುಡುಕಲು ಭಾಷೆಯ ಕೈಪಿಡಿ ತೆರೆದವಳಿಗೆ ನಗು ಬಂತು. ಅಲ್ಲಿ ಆಗಲೇ ಒಂದು ಫಂಕ್ಷನ್ನು ಇತ್ತು, ಕ್ರಿಯೇಟ್ ಡಿರ್ ಆಲ್ ಅಂತ. ಮೇಲಕ್ಕೆ ಹೋಗುವುದು, ಇಳಿಯುತ್ತಾ ಮಾಡುವುದು, ನಡುವೆ ಇನ್ನೊಬ್ಬರು ಮಾಡಿಬಿಟ್ಟಿದ್ದರೆ ಜಗಳವಾಡದೆ ಮುಂದೆ ನಡೆಯುವುದು, ಎಲ್ಲವನ್ನೂ ಯಾರೋ ಯಾವಾಗಲೋ ಯೋಚಿಸಿ ಬರೆದಿಟ್ಟಿದ್ದರು. ಯಾವ ಊರಿನವರೋ, ಹೆಸರೇನೋ. ನಾನು ಬಿದ್ದ ಗುಂಡಿಗೆ ಅವರೂ ಒಂದು ದಿನ ಬಿದ್ದಿರಬೇಕು, ಎದ್ದು ಬರುವಾಗ ನನ್ನಂಥವರಿಗೆಂದು ಮೇಲೊಂದು ಹಲಗೆ ಹಾಕಿ ಹೋಗಿದ್ದಾರೆ. ಗುರುವಿಲ್ಲದೆ ಕಲಿತವಳು ಎಂದು ನನ್ನನ್ನು ಜನ ಹೊಗಳುವುದುಂಟು. ಅದು ಸುಳ್ಳು. ನನಗೆ ಮುಖ ಗೊತ್ತಿಲ್ಲದ ಗುರುಗಳು ಎಷ್ಟೋ ಜನ. ಅವತ್ತು ಆ ಒಂದು ಸಾಲನ್ನು ಇಳಿಸಿಕೊಳ್ಳುವಾಗ ಅವರಿಗೆಲ್ಲ ಮನಸ್ಸಿನಲ್ಲೇ ಒಂದೊಂದು ತೆನೆ ಕೊಟ್ಟೆ.

“ಮೊದ್ಲೇ ಇತ್ತು ಅಂತೀಯ. ಮತ್ತೆ ಅಷ್ಟೊತ್ನಿಂದ ಏನ್ ಕುಟ್ಟುದ್ದೆ?” ಎಂದರು ಕೆಂಚಯ್ಯ.

“ಏನು ಬೇಕು ಅಂತ ತಿಳ್ಕೊಳ್ಳೋಕೆ ಕುಟ್ಟಿದ್ದು.”

“ಅಂಗಾರೆ ದಂಡ ಆಗ್ನಿಲ್ಲ ಬುಡು.”

ಅತ್ತೆ ಹೇಳಿದ ಹಾಗೆ ಊಟ ಮಾಡಿಸಿ, ಮಧ್ಯಾಹ್ನದ ಬಸ್ಸಿಗೆ ನಾನೂ ಅವರ ಜೊತೆ ಹೊರಟೆ. ಈ ಸಲ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಹನೂರಿನಲ್ಲಿ ಬಸ್ಸು ಬದಲಿಸಿ, ತಿರುವಿನಲ್ಲಿ ಇಳಿದು ನಡೆದು ಮನೆ ಸೇರಿದಾಗ ನಾಲ್ಕು ದಾಟಿತ್ತು. ಪುಟ್ಟಗೌರಮ್ಮ ಜಗುಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದರು. ನಮ್ಮನ್ನು ನೋಡಿ ಮೊದಲು ಕೇಳಿದ್ದು, “ಆಯ್ತಾ?”

“ಆಯ್ತು ದೊಡ್ಡವ್ವ. ನೋಡಿ ಹೇಳಬೇಕು.”

“ನೋಡೋದೇನು. ಇವ್ರು ರಾತ್ರಿಯೆಲ್ಲ ಅಲ್ಲಿ ಕೆಮ್ತಾರೆ, ನಂಗೆ ಇಲ್ಲೀವರ್ಗೂ ಕೇಳುಸ್ತದ. ಕೆಮ್ಮು ಕೇಳುಸ್ತಾ ಇದ್ರೆ ಅವ್ರೆ ಅಂತ ಮಲೀಕತೀನಿ. ಸದ್ದು ನಿಂತ್ರೆ ಎದ್ ಕೂರ್ತೀನಿ. ಮೂರ್ ರಾತ್ರಿಯಿಂದ ಇದೇ ಆಯ್ತು.”

ಕೆಂಚಯ್ಯ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದರು. ನಗಿಸೋಣ ಎಂದು ಪುಟ್ಟಗೌರಮ್ಮನಿಗೆ ಹೋದ ಕಾರ್ತೀಕದ ಸದ್ದನ್ನು ಪೂರ್ತಿ ಕೇಳಿಸಿದೆ. ಬಿದಿರು ಮುರಿಯಿತು, ಆನೆ ಗುರುಗುಟ್ಟಿತು. ಅದರ ಹಿಂದೆಯೇ ಗಂಟೆಗೆ ಎದ್ದು ಹೊಲದ ತನಕ ಬಂದ ಕೆಂಚಯ್ಯನ ದನಿ: “ಓಗಪ್ಪಾ ಸ್ವಾಮಿ, ಒತ್ತಾಯ್ತು, ನಿಂಗೂ ಮಕ್ಳುಮರಿ ಅವೆ, ಕಾಯ್ಕೊಂಡಿರ್ತವೆ, ಮೆಲ್ಲುಕ್ಕೆ ಓಗಪ್ಪಾ.”

ಪುಟ್ಟಗೌರಮ್ಮ ಮೊರ ಕೆಳಗಿಟ್ಟರು. “ನೋಡ್ದಾ? ನಲವತ್ತೈದ್ ವರ್ಸ ಆಯ್ತು. ನನ್ ಜೊತೆ ಒಂದಿನಾನೂ ಈ ದನೀಲಿ ಮಾತಾಡಿಲ್ಲ.”

“ನೀನು ಜ್ವಾಳಕ್ ಬಿದ್ದಿದ್ರೆ ಮಾತಾಡ್ತಿದ್ದೆ,” ಎಂದು ಒಳಗಿಂದ ಉತ್ತರ ಬಂತು.

ಹೊಲದ ಅಂಚಿನ ಕಂಬಕ್ಕೆ ಪೆಟ್ಟಿಗೆಯನ್ನು ಮತ್ತೆ ಕಟ್ಟಿದೆವು. ಕಟ್ಟುವ ಮೊದಲು ನಾನು ಒಂದು ಕೆಲಸ ಮಾಡಿದೆ. ಈ ಇಡೀ ಸಂವತ್ಸರದ ಫೋಲ್ಡರನ್ನು ಒಳಗಿದ್ದ ಮಾಸಗಳ ಸಮೇತ ಲ್ಯಾಪ್‌ಟಾಪಿಗೆ ತೆಗೆದಿಟ್ಟುಕೊಂಡು ಪೆಟ್ಟಿಗೆಯಿಂದ ಅಳಿಸಿದೆ. ಈಗ ಅದಕ್ಕೆ ಮಾಸವಿಲ್ಲ, ವರ್ಷವೂ ಇಲ್ಲ. ಒಂದು ಸದ್ದು ಇಡಬೇಕೆಂದರೆ ನಾಲ್ಕು ಸಂಚಿಯನ್ನೂ ತಾನೇ ಹೊಲಿದುಕೊಳ್ಳಬೇಕು.

ಆ ಮೂಲೆಯ ಜೋಳ ನೆಲಕ್ಕೆ ಒರಗಿ ಹಾಗೇ ಬಿದ್ದಿತ್ತು. ಹಾಲುಗಾಳಿನ ವಾಸನೆ. ಅಟ್ಟಣೆಯ ಮೇಲೆ ಕಂಬಳಿಯ ಅಂಚು ಜೋತಾಡುತ್ತಿತ್ತು.

“ಒಂದೇ ಸಲ ನುಡುಸು,” ಎಂದರು ಕೆಂಚಯ್ಯ. “ಎರಡ್ನೇ ಸಲ ನುಡುಸ್ಬ್ಯಾಡ. ಮೊದಲ್ನೇ ಸಲಕ್ಕೆ ಒಡೀನಿಲ್ಲ ಅಂದ್ರೆ ನಾನು ಇಲ್ಲೇ. ನೀನು ಬ್ಯಾಸ್ರ ಮಾಡ್ಕೋಬಾರ್ದು.”

“ಮಾಡ್ಕೊಳ್ಳಲ್ಲ,” ಎಂದೆ. ಸುಳ್ಳು ಹೇಳಿದೆ.

ಫೋನಿನ ಸ್ಪೀಕರನ್ನು ಎರಡು ಮೈಕಿಗೂ ಸಮ ದೂರದಲ್ಲಿ ಹಿಡಿದೆ. ಬೇಕೆಂದೇ ಹಾಗೆ ಹಿಡಿದೆ, ಎರಡೂ ಒಟ್ಟಿಗೆ ಓಡಲಿ ಎಂದು. ಬೆರಳು ಒತ್ತಿದೆ. ಬಿದಿರು ಮುರಿಯಿತು. ಆನೆ ಗುರುಗುಟ್ಟಿತು. ಕೆಂಚಯ್ಯನ ದನಿ ಬರುವ ಮೊದಲೇ ನಿಲ್ಲಿಸಿದೆ. ಪೆಟ್ಟಿಗೆಯ ಹಸಿರು ದೀಪ ಒಮ್ಮೆ ಮಿಟುಕಿತು. ಮನೆ ಅಲ್ಲಿಂದ ಇನ್ನೂರು ಮಾರು. ನಡುವೆ ಜೋಳದ ಗರಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಉಸಿರು ಹಿಡಿದು ಎಣಿಸುತ್ತಿದ್ದೆ. ಮೂರು, ನಾಲ್ಕು.

ಐದಕ್ಕೆ ಗಂಟೆ ಕೇಳಿಸಿತು. ಅದರ ಮೇಲೆಯೇ ಪುಟ್ಟಗೌರಮ್ಮನ ದನಿ, ಹಿತ್ತಲಿಗೆ ಬಂದು ಕೂಗಿದ್ದು: “ಒಡೀತು ಕಣಾ, ಒಡೀತು.”

ಲ್ಯಾಪ್‌ಟಾಪು ತೆರೆದು ಕೆಂಚಯ್ಯನಿಗೆ ತೋರಿಸಿದೆ. ಶೋಭಕೃತ್ ಸಂವತ್ಸರದ ಒಳಗೆ ಅಧಿಕ ಶ್ರಾವಣ, ಅದರೊಳಗೆ ಶುದ್ಧ ಪಕ್ಷ, ಅದರೊಳಗೆ ಪಂಚಮಿ. ಪಂಚಮಿಯೊಳಗೆ ಎರಡು ಸದ್ದು, ಕಾಡಿನ ಕಡೆಯದೊಂದು, ಹಳ್ಳದ ಕಡೆಯದೊಂದು. ಓದಲು ಬರದಿದ್ದರೂ ಅವರು ಒಂದೊಂದರ ಮೇಲೂ ಬೆರಳಿಟ್ಟು ಇಳಿದರು.

“ಎಲ್ಲಾನೂ ಅದೇ ಮಾಡ್ಕಂತಾ?”

“ಅದೇ.”

“ಯುಗಾದಿಗೂ ಮಾಡ್ಕತದಾ?”

“ಯುಗಾದಿಗೂ ಮಾಡ್ಕೊಳ್ಳುತ್ತೆ ದೊಡ್ಡಪ್ಪ. ಅತ್ತೆ ಹೊಸ ಪಟ್ಟಿ ಓದ್ತಾರೆ. ಈ ಸಲ ಕಿವಿ ಕೊಟ್ಟು ಕೇಳ್ತೀನಿ.”

“ಆ ತಾಯೀಗೆ ಒಂದ್ ಚೀಲ ತೆನೆ ಬ್ಯಾರೇ ಕೊಡ್ತೀನಿ, ಒತ್ಕಂಡೋಗು. ಅದಿಕ ಮಾಸದಲ್ಲಿ ಏನಾದ್ರೂ ಕೊಡ್ಬೇಕಂತೆ. ಒಂಡು ಮಗ, ಕಡೇ ಬಸ್ಸು ತಪ್ಪೋಯ್ತದ.”

ನಾನು ವೈರುಗಳನ್ನು ಸುತ್ತಿ ಬ್ಯಾಗಿಗೆ ಹಾಕುತ್ತಿದ್ದೆ. ಅವರು ಮರದ ಕಡೆ ನಡೆದು, ಏಣಿಗೆ ಕೈ ಹಾಕಿ ಒಂದೊಂದೇ ಮೆಟ್ಟಿಲು ಹತ್ತತೊಡಗಿದರು. ಕರೆಯಲೋ ಬೇಡವೋ ಎಂದು ನೋಡುತ್ತಾ ನಿಂತೆ.

ಮೇಲಿಂದ ಸುತ್ತಿದ ಕಂಬಳಿಯೊಂದು ಧೊಪ್ಪನೆ ನನ್ನ ಕಾಲ ಬಳಿ ಬಿತ್ತು.